ಕಡಲ ಪಕ್ಕದ ಪುಟ್ಟ ತೋಟದಲ್ಲಿ ಘಮಘಮಿಸುವ ನೇರಳೆ ಗುಲಾಬಿ

ಮೊದಲೇ ಹೇಳಿಬಿಡುತ್ತೇನೆ, ಅಚ್ಚ ನೀಲಿ ಗುಲಾಬಿಯ ಚಿತ್ರ ನೋಡಿ ಮರುಳಾಗಿ ಗಿಡ ತರಬೇಡಿ. ಅಂಥ ಚಿತ್ರಗಳಲ್ಲಿ ಇರುವುದು ಬಣ್ಣದ ನೀರು ಕುಡಿಸಿದ ಬಿಳಿ ಹೂ, ಇಲ್ಲದಿದ್ದರೆ ಕಂಪ್ಯೂಟರಿನಲ್ಲಿ ತಿದ್ದಿದ ಹೂ. ಹೂವಿಗೆ ನೀಲಿ ಕೊಡುವ ಡೆಲ್ಫಿನಿಡಿನ್ ಅನ್ನುವ ವಸ್ತು ಗುಲಾಬಿಯಲ್ಲಿ ತಾನಾಗಿ ಹುಟ್ಟುವುದೇ ಇಲ್ಲ. ಜಪಾನಿನ ಸನ್‌ಟೋರಿ ಕಂಪನಿ ಪ್ಯಾನ್ಸಿ ಹೂವಿನ ಜೀನ್ ಸೇರಿಸಿ ಮಾಡಿದ ಗುಲಾಬಿಯನ್ನು 2009ರಲ್ಲಿ ಮಾರಾಟಕ್ಕೆ ಬಿಟ್ಟಿತು. ಅದನ್ನು ನೋಡಿದರೂ ತಿಳಿ ನೇರಳೆ ಅಂತಲೇ ಹೇಳುತ್ತೀರಿ. ಹಾಗಾಗಿ ನಮಗೆ ಸಿಗುವ ಅಪರೂಪದ ಬಣ್ಣ ಅಂದರೆ ತಿಳಿ ನೇರಳೆ, ಹೊಗೆ ಹಿಡಿದಂಥ ನೇರಳೆ, ಹಾಲು ಜಾಸ್ತಿ ಹಾಕಿದ ಕಾಫಿಯಂಥ ಕಂದು. ನನಗಂತೂ ನೀಲಿಗಿಂತ ಇವೇ ಚೆಂದ.

ತಳಿಗಳಲ್ಲಿ ಬ್ಲೂ ಮೂನ್ ಹೆಸರು ಕೇಳಿರುತ್ತೀರಿ. 1960ರ ದಶಕದಲ್ಲಿ ಜರ್ಮನಿಯ ಗುಲಾಬಿ ತಳಿಗಾರ ಟಾಂಟೌ ತಂದ ಗಿಡ. ದೊಡ್ಡ ಮೊಗ್ಗು, ನಿಂಬೆಸಿಪ್ಪೆ ಉಜ್ಜಿದಂಥ ಸಿಹಿ ಪರಿಮಳ. ಆದರೆ ಉದ್ದಕ್ಕೆ ಬೆಳೆದು ಗಾಳಿಗೆ ಓಲಾಡುತ್ತದೆ, ತೇವದ ಹವೆಯಲ್ಲಿ ಎಲೆರೋಗವೂ ಬೇಗ ಹತ್ತುತ್ತದೆ. ರಾಪ್ಸೊಡಿ ಇನ್ ಬ್ಲೂ ಗಟ್ಟಿ ಗಿಡ. ಫ್ರಾಂಕ್ ಕೌಲಿಶಾ ಅನ್ನುವ ಹವ್ಯಾಸಿ ಬೆಳೆಸಿದ್ದು, 2003ರಲ್ಲಿ ಬ್ರಿಟನ್ನಿನ ವರ್ಷದ ಗುಲಾಬಿ ಅಂತ ಆಯ್ಕೆಯಾಗಿತ್ತು. ಎಸಳು ಕಡಿಮೆ, ನೇರಳೆಯಾಗಿ ಅರಳಿ ಹಳತಾದಂತೆ ಬೂದು ನೀಲಿಗೆ ತಿರುಗುತ್ತದೆ. ಜಾಗ ತೀರಾ ಚಿಕ್ಕದಾದರೆ ನಾನು ಹೇಳುವುದು ಎಬ್ ಟೈಡ್. ಗಿಡ ಕುಳ್ಳು, ಬಣ್ಣ ಗಾಢ ನೇರಳೆ, ಪರಿಮಳ ಲವಂಗದಂತೆ. ಹೆಸರಿನ ಅರ್ಥವೂ ಕಡಲಿನ ಇಳಿತ, ನಮಗೆ ಸರಿಯಾಗಿಯೇ ಇದೆ ಅಲ್ವಾ! ಕಾಫಿ ಬಣ್ಣ ಬೇಕಾದವರು ಕೋಕೋ ಲೋಕೋ ಹುಡುಕಿ, ಕಂದಾಗಿ ಅರಳಿ ನೇರಳೆಯಾಗಿ ಮುಗಿಯುವ ಹೂ.

ಇನ್ನು ಅಲೆಯ ಸಿಂಪಡಿಕೆ ನೇರವಾಗಿ ಬಂದು ಬಡಿಯುವ ಜಾಗವಾದರೆ ಇವು ಯಾವುದೂ ಬೇಡ. ರುಗೋಸಾ ಜಾತಿಯ ಗುಲಾಬಿ ನೋಡಿ. ಜಪಾನ್, ಕೊರಿಯಾ ಕಡೆಯ ಮರಳದಿಬ್ಬಗಳಲ್ಲೇ ಹುಟ್ಟಿ ಬೆಳೆದದ್ದು, ಸುಕ್ಕುಸುಕ್ಕಾದ ದಪ್ಪ ಎಲೆ, ಉಪ್ಪಿಗೆ ಜಗ್ಗುವುದಿಲ್ಲ. ತಂಪು ಸೀಮೆಗೆ ಒಗ್ಗುವ ಗಿಡ, ಸೆಕೆಯ ಊರಿನಲ್ಲಿ ಮುನಿಸಿಕೊಳ್ಳುತ್ತದೆ. ಉತ್ತರ ಯುರೋಪಿನ ಕಡಲತೀರಗಳಲ್ಲಿ ಕಳೆಯಂತೆ ಹಬ್ಬಿದೆ, ಅಂಥ ಕಡೆ ನೆಡಬೇಡಿ.

ತಳಿ ಯಾವುದೇ ಇರಲಿ, ಕಡಲ ಪಕ್ಕ ಗುಲಾಬಿಗೆ ಜಾಗ ಹುಡುಕುವುದೇ ಮುಕ್ಕಾಲು ಕೆಲಸ. ಗೊಬ್ಬರ, ಔಷಧಿ ಎಲ್ಲ ಆಮೇಲೆ.

ನನ್ನ ಮೊದಲ ಗಿಡವನ್ನು ಗಾಳಿ ತಪ್ಪಿಸಬೇಕೆಂದು ಎತ್ತರದ ಗೋಡೆಯ ಮರೆಗೆ ನೆಟ್ಟಿದ್ದೆ. ಒಂದೇ ತಿಂಗಳಲ್ಲಿ ಎಲೆಯಂಚು ಸುಟ್ಟ ಹಪ್ಪಳದಂತಾಯಿತು. ಗೋಡೆ ಗಾಳಿಯನ್ನು ತಡೆಯುವುದಿಲ್ಲ, ಮೇಲಕ್ಕೆ ಹಾರಿಸುತ್ತದೆ. ಹಾರಿದ ಗಾಳಿ ಈಚೆ ಬದಿಯಲ್ಲಿ ಸುಳಿಯಾಗಿ ಕೆಳಗೆ ಬೀಳುತ್ತದೆ, ಜೊತೆಗೆ ಉಪ್ಪನ್ನೂ ಅಲ್ಲೇ ಸುರಿಯುತ್ತದೆ. ಬೇಕಾದದ್ದು ಅರ್ಧ ಗಾಳಿ ಒಳಗೆ ಬಿಟ್ಟು ಅರ್ಧ ತಡೆಯುವ ತಡೆ. ಪೊದೆಬೇಲಿ, ಸಂದುಬಿಟ್ಟ ಬಿದಿರಿನ ತಟ್ಟಿ, ನೆರಳುಬಲೆ, ಯಾವುದಾದರೂ ಸರಿ. ಇಂಥ ಬೇಲಿಯ ಹಿಂದೆ ಅದರ ಎತ್ತರದ ಐದು ಪಟ್ಟು ದೂರದವರೆಗೂ ಗಾಳಿಯ ಜೋರು ತಗ್ಗಿರುತ್ತದೆ, ಅಂದರೆ ನಾಲ್ಕಡಿ ಬೇಲಿಗೆ ಇಪ್ಪತ್ತಡಿ. ಪುಟ್ಟ ತೋಟಕ್ಕೆ ಅಷ್ಟು ಸಾಕು. ಬೇಲಿ ಜೀವಂತ ಗಿಡದ್ದಾದರೆ ಗುಲಾಬಿಯನ್ನು ಅದಕ್ಕೆ ಅಂಟಿಸಿ ನೆಡಬೇಡಿ, ಬೇರು ಬೇರಿಗೆ ಜಗಳ ಶುರುವಾಗುತ್ತದೆ.

ಬಿಸಿಲು ಐದಾರು ಗಂಟೆ ಬೇಕೇ ಬೇಕು, ಆದರೆ ಬೆಳಗಿನದು. ಮಧ್ಯಾಹ್ನದ ಬಿಸಿಲು ತಿಳಿ ನೇರಳೆಯನ್ನು ಒಂದೇ ದಿನದಲ್ಲಿ ಕೊಳೆ ಬಿಳಿ ಮಾಡುತ್ತದೆ, ಗಾಢ ಬಣ್ಣದ ಎಸಳಾದರೆ ಕಾವು ಹೀರಿ ಅಂಚು ಕರಕಲಾಗುತ್ತದೆ. ಪೂರ್ವಕ್ಕೆ ತೆರೆದು, ಹನ್ನೆರಡರ ಮೇಲೆ ಮರದ್ದೋ ಮನೆಯದ್ದೋ ನೆರಳು ಬೀಳುವ ಮೂಲೆ ಸಿಕ್ಕರೆ ಅದೇ ನಿಮ್ಮ ಜಾಗ. ಕಡಲೇ ಪೂರ್ವಕ್ಕಿದ್ದರೆ ಗಾಳಿತಡೆ ತಗ್ಗಾಗಿರಲಿ, ಬಿಸಿಲು ಅದರ ಮೇಲಿಂದ ಬರಲಿ. ಪರಿಮಳಕ್ಕೂ ಇದೇ ಮೂಲೆ ಒಳ್ಳೆಯದು: ಬೀಸುವ ಗಾಳಿಯಲ್ಲಿ ಘಮ ನಿಲ್ಲುವುದಿಲ್ಲ, ಮಂದ ಗಾಳಿಯ ಬೆಚ್ಚನೆ ತೇವದಲ್ಲಿ ನಿಲ್ಲುತ್ತದೆ. ಕುಂಡವನ್ನು ಕಟ್ಟೆಯ ಮೇಲಿಟ್ಟರೆ ಹೂ ಮೂಗಿನ ಮಟ್ಟಕ್ಕೆ ಬರುತ್ತದೆ, ದಿನಾ ಬಗ್ಗುವ ಕೆಲಸ ತಪ್ಪುತ್ತದೆ.

ಮಣ್ಣಿನ ವಿಷಯದಲ್ಲಿ ಒಂದು ತಪ್ಪು ಮಾಡಬೇಡಿ. ಹತ್ತಿರದಲ್ಲೇ ಇದೆ ಅಂತ ತೀರದ ಮರಳು ತಂದು ಬೆರೆಸಬೇಡಿ. ಉಪ್ಪನ್ನಾದರೂ ತೊಳೆಯಬಹುದು, ಚಿಪ್ಪಿನ ಚೂರಲ್ಲಿರುವ ಸುಣ್ಣ ಹೋಗುವುದಿಲ್ಲ. ಸುಣ್ಣ ಜಾಸ್ತಿಯಾದ ಮಣ್ಣಲ್ಲಿ ಬೇರಿಗೆ ಕಬ್ಬಿಣ ಸಿಗದೆ, ನರ ಹಸಿರಾಗಿಯೇ ಉಳಿದು ಚಿಗುರೆಲೆ ಹಳದಿಯಾಗುತ್ತದೆ. ಗುಲಾಬಿಗೆ ತುಸು ಹುಳಿ ಮಣ್ಣು ಇಷ್ಟ, ಪಿಎಚ್ 6ರಿಂದ 6.5ರ ಸುತ್ತ. ಒಂದೂವರೆ ಅಡಿ ಆಳ, ಅಷ್ಟೇ ಅಗಲದ ಗುಂಡಿ ತೆಗೆದು ಒಳ್ಳೆಯ ತೋಟದ ಮಣ್ಣಿಗೆ ಮೂರನೇ ಒಂದು ಪಾಲು ಚೆನ್ನಾಗಿ ಕಳಿತ ಗೊಬ್ಬರ ಬೆರೆಸಿ. ಕೋಕೋಪೀಟ್, ಅಂದರೆ ತೆಂಗಿನ ನಾರಿನ ಪುಡಿ, ಹಾಕುವವರು ಅದನ್ನು ಎರಡು ಮೂರು ನೀರಲ್ಲಿ ತೊಳೆದು ಹಾಕಿ, ಎಷ್ಟೋ ಸಲ ಅದರಲ್ಲೇ ಉಪ್ಪಿರುತ್ತದೆ. ಕುಂಡವಾದರೆ ನಲವತ್ತು ಲೀಟರಿಗೆ ಕಡಿಮೆ ಬೇಡ, ಚಿಕ್ಕ ಕುಂಡ ಗಾಳಿಗೆ ಒಣಗುತ್ತದೆ, ಉರುಳುತ್ತದೆ ಕೂಡ. ನೆಡುವಾಗ ಕಸಿಗಂಟು, ಅಂದರೆ ಬುಡದಲ್ಲಿ ಕಸಿ ಕೂಡಿದ ಉಬ್ಬು, ಮಣ್ಣಿಗಿಂತ ಒಂದೆರಡು ಇಂಚು ಮೇಲಿರಲಿ. ಮಣ್ಣು ಹೆಪ್ಪುಗಟ್ಟುವಷ್ಟು ಚಳಿಯಿದ್ದರೆ ಮಾತ್ರ ಕೆಳಗೆ ಹೂಳಿ. ಪಕ್ಕದಲ್ಲೇ ಒಂದು ಗೂಟ ನೆಟ್ಟು ಸಡಿಲವಾಗಿ ಕಟ್ಟಿ. ಗಾಳಿಗೆ ಬುಡ ಅಲ್ಲಾಡುತ್ತಿದ್ದರೆ ಬೇರು ಹಿಡಿಯುವುದೇ ಇಲ್ಲ.

ನೀರನ್ನು ದಿನಾ ಚೂರುಚೂರು ಹಾಕುವುದಕ್ಕಿಂತ, ಮೇಲಿನ ಎರಡಿಂಚು ಒಣಗಿದ ಮೇಲೆ ಒಮ್ಮೆಗೇ ಧಾರಾಳವಾಗಿ ಹಾಕಿ. ಕುಂಡದ ತೂತಿನಿಂದ ಹರಿದು ಹೋಗುವಷ್ಟು, ಆಗಲೇ ಮಣ್ಣಿನ ಉಪ್ಪೂ ಇಳಿದು ಹೋಗುವುದು. ಕೆಳಗಿನ ತಟ್ಟೆಯಲ್ಲಿ ನೀರು ನಿಲ್ಲಲು ಬಿಡಬೇಡಿ, ಉಪ್ಪು ಮತ್ತೆ ಮೇಲೇರುತ್ತದೆ. ಕುಂಡದ ಅಂಚಲ್ಲಿ ಬಿಳಿ ಪೊರೆ ಕಂಡರೆ ಉಪ್ಪು ಸೇರಿದೆ ಅಂತ ಲೆಕ್ಕ. ಬಾವಿಯ ನೀರು ಬೇಸಿಗೆಯಲ್ಲಿ ಸವಳಾಗುವ ಕಡೆ ಮಳೆನೀರು ಹಿಡಿದಿಟ್ಟುಕೊಳ್ಳಿ, ಮನೆಗಲ್ಲದಿದ್ದರೂ ಗುಲಾಬಿಗೆ.

ಈಗ ನಿಜವಾದ ತಲೆನೋವು. ಜೋರು ಕಡಲಗಾಳಿ ಬೀಸಿದ ಮೇಲೆ ಎಲೆಗೆ ಅಂಟಿದ ಉಪ್ಪನ್ನು ಸಿಹಿನೀರಿನಿಂದ ತೊಳೆಯಬೇಕು. ಆದರೆ ಎಲೆ ಒದ್ದೆಯಾದರೆ ಕಪ್ಪುಚುಕ್ಕೆ ರೋಗ ಬರುತ್ತದೆ. ಎರಡೂ ನಿಜ. ಬಗೆಹರಿಸುವುದು ಗಡಿಯಾರ: ಕಪ್ಪುಚುಕ್ಕೆಯ ಬೂಷ್ಟು ಎಲೆಯೊಳಗೆ ಇಳಿಯಲು ಎಲೆ ಸುಮಾರು ಏಳು ಗಂಟೆ ಒದ್ದೆಯಾಗಿಯೇ ಇರಬೇಕು. ಬೆಳಗ್ಗೆ ಬಿಸಿಲು ಏರುವ ಹೊತ್ತಿಗೆ ತೊಳೆದರೆ ಒಂದೆರಡು ಗಂಟೆಯಲ್ಲಿ ಒಣಗುತ್ತದೆ, ಭಯವಿಲ್ಲ. ಸಂಜೆ ತೊಳೆದಿರೋ, ರಾತ್ರಿಯಿಡೀ ಒದ್ದೆ, ಹತ್ತು ದಿನದಲ್ಲಿ ಚುಕ್ಕೆ, ಆಮೇಲೆ ಎಲೆಯೆಲ್ಲ ಹಳದಿಯಾಗಿ ನೆಲಕ್ಕೆ. ಬಿದ್ದ ಎಲೆಗಳನ್ನು ಹೆಕ್ಕಿ ತೆಗೆಯಿರಿ, ರೋಗ ಅದರಲ್ಲೇ ಉಳಿದಿರುತ್ತದೆ. ಗಿಡದ ನಡುವಿನ ತೆಳು ಕಡ್ಡಿಗಳನ್ನು ತೆಗೆದು ಗಾಳಿ ಆಡಲು ಬಿಡಿ.

ಎಲೆಯ ಮೇಲೆ ಬಿಳಿ ಪುಡಿಯಂತೆ ಹರಡುವ ಬೂದಿರೋಗಕ್ಕೆ ಅಡುಗೆಸೋಡ ಸಿಂಪಡಿಸಿ ಅನ್ನುವ ಸಲಹೆ ಎಲ್ಲ ಕಡೆ ಓಡಾಡುತ್ತದೆ. ಅಡುಗೆಸೋಡ ಅಂದರೆ ಸೋಡಿಯಂ, ಉಪ್ಪಿನಲ್ಲಿರುವುದೂ ಅದೇ ಸ್ವಾಮಿ! ಅದನ್ನೇ ಬೇಡ ಅಂತ ಬೆಳಗ್ಗೆ ಎದ್ದು ತೊಳೆಯುತ್ತಿದ್ದೇವೆ. ಪೊಟ್ಯಾಶಿಯಂ ಬೈಕಾರ್ಬೊನೇಟ್ ಸಿಕ್ಕರೆ ಅದು ಉತ್ತಮ. ಗಿಡದ ಹೇನಿಗೆ ಬೇವಿನೆಣ್ಣೆ ಸಾಕು, ಬಿಸಿಲಿಳಿದ ಮೇಲೆ ಸಿಂಪಡಿಸಿ, ಇಲ್ಲದಿದ್ದರೆ ಎಲೆ ಸುಡುತ್ತದೆ. ಅದೂ ಗಾಳಿಯಾಡುವ ಒಣ ಸಂಜೆಯಾಗಿರಲಿ.

ಗೊಬ್ಬರ: ಎರೆಗೊಬ್ಬರ, ಬೇವಿನ ಹಿಂಡಿ, ತಿಂಗಳಿಗೊಮ್ಮೆ ಒಂದೆರಡು ಹಿಡಿ. ರಾಸಾಯನಿಕ ಗೊಬ್ಬರವೂ ಒಂದು ಬಗೆಯ ಉಪ್ಪೇ, ಹಾಕುವುದಾದರೆ ಪೊಟ್ಟಣದಲ್ಲಿ ಹೇಳಿದ್ದರ ಅರ್ಧ ಹಾಕಿ. ಕಡಲಪಾಚಿ ಹೆಕ್ಕಿ ತಂದರೆ ಮೊದಲು ಚೆನ್ನಾಗಿ ತೊಳೆದು ಆಮೇಲೆ ಕಾಂಪೋಸ್ಟಿಗೆ ಸೇರಿಸಿ.

ಬಾಡಿದ ಹೂವನ್ನು ಐದು ಕಿರುಎಲೆ ಸೇರಿದ ಗರಿಯ ಮೇಲೆ, ಗಿಡದ ಹೊರಮುಖಕ್ಕಿರುವ ಕಣ್ಣು (ಚಿಗುರು ಒಡೆಯುವ ಮೊಳಕೆ) ನೋಡಿ ಕತ್ತರಿಸಿ. ಆರರಿಂದ ಎಂಟು ವಾರಕ್ಕೆ ಮತ್ತೆ ಹೂ. ಜೋರು ಗಾಳಿಯ ಕಾಲ ಬರುವ ಮೊದಲು ಉದ್ದದ ಕೊಂಬೆಗಳನ್ನು ಮೂರನೇ ಒಂದು ಭಾಗ ಇಳಿಸಿಬಿಡಿ.

ಮೊದಲ ಹೂ ನೋಡಿ ಬೇಜಾರಾಗಬೇಡಿ. ಸೆಕೆಯಲ್ಲಿ ಅರಳಿದ್ದು ಪೇಲವವಾಗಿ, ಎಸಳೂ ಕಡಿಮೆಯಾಗಿರುತ್ತದೆ. ಅದೇ ಗಿಡ ತಂಪು ದಿನಗಳಲ್ಲಿ ಬೇರೆಯೇ ತಳಿಯೇನೋ ಅನ್ನಿಸುವ ಬಣ್ಣ ಕೊಡುತ್ತದೆ. ಹೂ ಕೊಯ್ಯುವುದಾದರೆ ಮೊಗ್ಗು ಅರ್ಧ ಬಿಚ್ಚಿರುವಾಗ, ಬಿಸಿಲೇರುವ ಮೊದಲು ಕೊಯ್ದು ನೆರಳಿನ ಕೋಣೆಯಲ್ಲಿ ನೀರಲ್ಲಿಡಿ. ಗಿಡದಲ್ಲಿ ಮಧ್ಯಾಹ್ನದೊಳಗೆ ಮಾಸುವ ನೇರಳೆ ಅಲ್ಲಿ ಎರಡು ಮೂರು ದಿನ ಹಾಗೇ ಇರುತ್ತದೆ.