ಮೊದಲು ಶರ್ಟು, ಆಮೇಲೆ ಬೈಂಡರ್: ಟ್ರಾನ್ಸ್ ಪುರುಷರಿಗೆ ಉಡುಪಿನ ಕೈಪಿಡಿ

ಹುಟ್ಟಿದಾಗ ಹೆಣ್ಣೆಂದು ಗುರುತಿಸಲಾದ ಗಂಡಸರೇ ಟ್ರಾನ್ಸ್ ಪುರುಷರು. ಟ್ರಾನ್ಸಿಷನ್, ಅಂದರೆ ಗಂಡಸಾಗಿ ಬದುಕಲು ತೊಡಗುವ ಬದಲಾವಣೆ, ಶುರು ಮಾಡುವಾಗ ಅವರಲ್ಲಿ ಬಹಳ ಮಂದಿ ಮೊಟ್ಟಮೊದಲು ಹುಡುಕುವುದು ಬೈಂಡರ್. ಎದೆಯನ್ನು ಒತ್ತಿ ಸಮನಾಗಿ ಕಾಣಿಸುವ ಆ ಒಳಉಡುಪು ಕೈಗೆ ಬಂದರೆ ಸಾಕು, ಮೇಲಿನ ಬಟ್ಟೆಯ ಯೋಚನೆ ಆಮೇಲೆ ಮಾಡಿದರಾಯಿತು ಎಂದುಕೊಳ್ಳುತ್ತಾರೆ. ಈ ಕ್ರಮವನ್ನು ತಿರುಗಿಸುವುದೇ ಲೇಸು. ಎದೆಯ ಉಬ್ಬು ಎದ್ದು ಕಾಣದಂತೆ ಮಾಡುವ ಕೆಲಸದಲ್ಲಿ ದೊಡ್ಡ ಪಾಲನ್ನು ಸರಿಯಾಗಿ ಆರಿಸಿದ ಶರ್ಟೇ ಹೊರುತ್ತದೆ. ಆಗ ಬೈಂಡರನ್ನು ಅಷ್ಟು ಬಿಗಿಯಾಗಿ, ಅಷ್ಟು ಹೊತ್ತು ತೊಡಬೇಕಾಗಿ ಬರುವುದಿಲ್ಲ. ಪಕ್ಕೆಲುಬು, ಬೆನ್ನು, ಚರ್ಮ ಮೂರಕ್ಕೂ ಬಿಡುವು ಸಿಗುತ್ತದೆ.

ಅಂದಹಾಗೆ, ಎದೆ ಕಟ್ಟಲೇಬೇಕು ಎಂಬ ಕಟ್ಟಳೆ ಏನೂ ಇಲ್ಲ. ಕಟ್ಟದೆ ಓಡಾಡುವ ಟ್ರಾನ್ಸ್ ಪುರುಷರೂ ಬೇಕಾದಷ್ಟಿದ್ದಾರೆ. ನಿಮಗೆ ಬೇಕೆನಿಸಿದರೆ ಮಾತ್ರ ಮುಂದಿನ ಮಾತು.

ಶರ್ಟು ಆರಿಸುವುದು

ಗಂಡಸರ ಶರ್ಟು ಹಾಕಿ ನೋಡುವಾಗ ಮೊದಲು ಕಣ್ಣು ಹಾಯಿಸಬೇಕಾದ್ದು ಹೆಗಲಿಗೆ. ತೋಳು ಕೂಡುವ ಹೊಲಿಗೆ ಹೆಗಲ ಮೂಳೆಯ ತುದಿಯಲ್ಲಿ ಕೂರಬೇಕು. ಅದು ತೋಳಿನ ಮೇಲಕ್ಕೆ ಜಾರಿದರೆ ಅಣ್ಣನ ಶರ್ಟು ಹಾಕಿಕೊಂಡ ಹಾಗೆ ಕಾಣುತ್ತದೆ. ಇಲ್ಲೇ ಮೊದಲ ಇಕ್ಕಟ್ಟು. ಹೆಗಲಿಗೆ ಸರಿಹೋದ ಶರ್ಟು ಸೊಂಟದ ಕೆಳಗೆ ಹಿಡಿಯುತ್ತದೆ, ಸೊಂಟಕ್ಕೆ ಸರಿಹೋದದ್ದು ಹೆಗಲಿನಿಂದ ಇಳಿಬೀಳುತ್ತದೆ. ಬದಿಯ ಹೊಲಿಗೆ ನೇರವಾಗಿರುವ ರೆಗ್ಯುಲರ್ ಫಿಟ್ ಹುಡುಕಿ. ಅಂಚು ಅಡ್ಡಕ್ಕೆ ನೇರವಾಗಿದ್ದು ಪಕ್ಕದಲ್ಲಿ ಸೀಳಿದ್ದರೆ ಇನ್ನೂ ಒಳ್ಳೆಯದು. ಸೊಂಟದಲ್ಲಿ ಒಳಕ್ಕೆ ಬಾಗಿದ ಸ್ಲಿಮ್ ಫಿಟ್ ಬೇಡ, ಅದು ಬಾಗುವ ಜಾಗದಲ್ಲೇ ನೀವು ಮರೆಸಬೇಕೆಂದಿರುವ ಆಕಾರ ಎದ್ದು ಕಾಣುತ್ತದೆ. ಟೈಲರ್ ಹತ್ತಿರ ಬದಲಾಯಿಸುವ ಯೋಚನೆಯಿದ್ದರೆ ಒಂದು ಮಾತು ನೆನಪಿರಲಿ: ಬದಿ ಹಿಡಿಸುವುದು, ತೋಳು ಗಿಡ್ಡ ಮಾಡಿಸುವುದು ಸಲೀಸು, ಹೆಗಲು ಬಿಚ್ಚಿ ಮತ್ತೆ ಕೂರಿಸುವುದು ದೊಡ್ಡ ಕೆಲಸ.

ಎದೆ ಮರೆಯಾಗಲಿ ಎಂದು ಎರಡು ಸೈಜು ದೊಡ್ಡದನ್ನು ಕೊಳ್ಳುವವರಿದ್ದಾರೆ. ಕನ್ನಡಿಯ ಮುಂದೆ ಪಕ್ಕಕ್ಕೆ ತಿರುಗಿ ನಿಂತರೆ ಅದರ ತೊಂದರೆ ಗೊತ್ತಾಗುತ್ತದೆ. ದೊಗಳೆ ಬಟ್ಟೆ ಎದೆಯ ತುದಿಗೆ ಸಿಕ್ಕಿಕೊಂಡು ಅಲ್ಲಿಂದ ನೇರ ಕೆಳಗೆ ಜೋತುಬಿದ್ದು, ಇದ್ದದ್ದಕ್ಕಿಂತ ದೊಡ್ಡ ಉಬ್ಬನ್ನೇ ತೋರಿಸುತ್ತದೆ. ಮೈಗೆ ಅಂಟದ, ಮೈಯಿಂದ ತೀರಾ ದೂರವೂ ನಿಲ್ಲದ ಅಳತೆ ಬೇಕು.

ಬಟ್ಟೆಯ ಗುಣ ಬಣ್ಣಕ್ಕಿಂತ ಮುಖ್ಯ. ಡೆನಿಮ್, ಫ್ಲ್ಯಾನಲ್, ದಪ್ಪ ಹತ್ತಿಯಂಥ ಗಟ್ಟಿ ಬಟ್ಟೆ ತನ್ನ ಆಕಾರವನ್ನು ತಾನೇ ಹಿಡಿದು ನಿಲ್ಲುತ್ತದೆ. ತೆಳ್ಳಗಿನ ಹೊಸೈರಿ, ರೇಯಾನ್ ಎಲ್ಲ ಮೈಯ ಏರುತಗ್ಗಿಗೆ ಅಂಟಿಕೊಳ್ಳುತ್ತವೆ. ಗಾಢ ಬಣ್ಣದಲ್ಲಿ ಎದೆಯ ಕೆಳಗೆ ಬೀಳುವ ನೆರಳು ಕಾಣುವುದಿಲ್ಲ. ಸಣ್ಣ ಚೌಕುಳಿ, ಸಣ್ಣ ಪ್ರಿಂಟು ಕಣ್ಣನ್ನು ಒಂದೆಡೆ ನಿಲ್ಲಲು ಬಿಡುವುದಿಲ್ಲ. ಅಡ್ಡ ಪಟ್ಟೆಗಳಿಂದ ಮಾತ್ರ ದೂರವಿರಿ, ಎದೆಯ ಮೇಲೆ ಆ ಗೆರೆಗಳು ಡೊಂಕಾಗಿ ಗುಟ್ಟು ಬಿಟ್ಟುಕೊಡುತ್ತವೆ. ಎರಡೂ ಕಡೆ ಜೇಬಿರುವ ಶರ್ಟು ಒಳ್ಳೆಯ ಗೆಳೆಯ. ಎಲ್ಲಕ್ಕಿಂತ ಸುಲಭದ ಉಪಾಯ ಟೀ ಶರ್ಟಿನ ಮೇಲೆ ಗುಂಡಿ ಹಾಕದ ಶರ್ಟು ತೊಡುವುದು. ಅದರ ಎರಡು ಅಂಚುಗಳು ಎದೆಯ ಮೇಲೆ ನೇರ ಇಳಿಯುವುದರಿಂದ, ಒಳಗೆ ಬೈಂಡರ್ ಇಲ್ಲದ ದಿನವೂ ನಿಭಾಯಿಸಬಹುದು.

ಬಿಳಿ ಶರ್ಟಿನ ಒಳಗೆ ಬಿಳಿ ಬೈಂಡರ್ ಎದ್ದು ಕಾಣುತ್ತದೆ. ನಿಮ್ಮ ಮೈಬಣ್ಣಕ್ಕೆ ಹತ್ತಿರದ ಬಣ್ಣ ಕಾಣುವುದಿಲ್ಲ.

ಪ್ಯಾಂಟಿನ ವಿಷಯ ಇಷ್ಟೇ: ನೇರ ಕಟ್, ಸ್ವಲ್ಪ ದಪ್ಪ ಬಟ್ಟೆ, ಬೆಲ್ಟು ನಡುವಿನಲ್ಲಲ್ಲದೆ ಸೊಂಟದ ಮೂಳೆಯ ಮೇಲೆ. ಉದ್ದ ಹೆಚ್ಚಾದರೆ ಮಡಚುವ ಬದಲು ಕತ್ತರಿಸಿ ಹೊಲಿಸಿ.

ಅಳತೆ ತೆಗೆಯುವುದು

ಬೈಂಡರ್ ಬೇಕು ಎಂದಾದರೆ ಟೇಪು ಹಿಡಿಯಿರಿ. ಮೂರು ಅಳತೆ ಬೇಕು: ಎದೆ ಅತಿ ತುಂಬಿರುವ ಜಾಗದ ಸುತ್ತಳತೆ, ಎದೆ ಮುಗಿಯುವ ಕಡೆ ಕೆಳಗಿನ ಸುತ್ತಳತೆ, ಒಂದು ಹೆಗಲ ಮೂಳೆಯಿಂದ ಇನ್ನೊಂದಕ್ಕೆ ಅಗಲ. ಟೇಪು ಬೆನ್ನಿನ ಕಡೆ ಕೆಳಗಿಳಿಯದೆ ನೆಲಕ್ಕೆ ಸಮವಾಗಿರಲಿ, ಚರ್ಮವನ್ನು ಒತ್ತದಿರಲಿ. ಉಸಿರು ಬಿಗಿಹಿಡಿದು ಅಳೆಯಬೇಡಿ, ದಿನವಿಡೀ ನೀವು ಉಸಿರು ಬಿಗಿಹಿಡಿದಿರುವುದಿಲ್ಲವಲ್ಲ. ಒಬ್ಬ ತಯಾರಕರ ಮೀಡಿಯಂ ಇನ್ನೊಬ್ಬರ ಸ್ಮಾಲ್ ಆಗಿರಬಹುದು, ಹಾಗಾಗಿ ಕೊಳ್ಳುವ ಕಡೆಯ ಅಳತೆ ಪಟ್ಟಿಯನ್ನೇ ನೋಡಿ.

ಅಳತೆ ಎರಡು ಸೈಜುಗಳ ನಡುವೆ ಬಿದ್ದರೆ ದೊಡ್ಡದನ್ನು ಆರಿಸಿ. ಒಂದು ಸೈಜು ಚಿಕ್ಕದು ತೊಟ್ಟರೆ ಇನ್ನಷ್ಟು ಸಮನಾಗುತ್ತದೆ ಎಂಬ ನಂಬಿಕೆ ತಪ್ಪು. ಒತ್ತಿದ ಮಾಂಸ ಮಾಯವಾಗುವುದಿಲ್ಲ, ಕಂಕುಳಿನಿಂದಲೋ ಕತ್ತಿನ ಅಂಚಿನಿಂದಲೋ ಹೊರಗೆ ಉಕ್ಕುತ್ತದೆ.

ಯಾವ ಬಗೆ?

ಎದೆಯ ಕೆಳಗೆ ಮುಗಿಯುವ ಅರ್ಧ ಬೈಂಡರ್, ಹೊಟ್ಟೆ ದಾಟಿ ಸೊಂಟದವರೆಗೆ ಇಳಿಯುವ ಪೂರ್ತಿ ಬೈಂಡರ್, ಈ ಎರಡೇ ಮುಖ್ಯ ಬಗೆಗಳು. ಹೆಚ್ಚಿನವುಗಳ ಮುಂಭಾಗ ಎಳೆದರೂ ಹಿಗ್ಗದ ಬಟ್ಟೆಯದು, ಬೆನ್ನಿನ ಭಾಗ ಹಿಗ್ಗುವ ನೈಲಾನ್ ಮತ್ತು ಸ್ಪ್ಯಾಂಡೆಕ್ಸಿನದು. ಹೊಸಬರಿಗೆ ಅರ್ಧ ಬೈಂಡರೇ ಒಳ್ಳೆಯದು ಎನ್ನುವುದು ನನ್ನ ಅಭಿಪ್ರಾಯ. ಹಾಕಿ ತೆಗೆಯುವುದು ಸುಲಭ, ಸೆಕೆಯೂ ಕಡಿಮೆ. ಪೂರ್ತಿಯದು ಕೂತಾಗ ಸೊಂಟದ ಹತ್ತಿರ ಸುರುಳಿ ಸುತ್ತಿಕೊಂಡು ಮೇಲೇರುತ್ತದೆ. ತೋಳು ಎತ್ತಲು ಕಷ್ಟವಿರುವವರಿಗೆ ಮುಂದೆ ಜಿಪ್ ಅಥವಾ ಪಕ್ಕದಲ್ಲಿ ಹುಕ್ ಇರುವ ಬೈಂಡರ್‌ಗಳಿವೆ. ಎದೆ ಚಿಕ್ಕದಿದ್ದರೆ ಬಿಗಿಯಾದ ಸ್ಪೋರ್ಟ್ಸ್ ಬ್ರಾ ಒಂದೇ ಸಾಕಾಗಬಹುದು. ಅದನ್ನು ಕೀಳೆಂದು ನೋಡಬೇಕಾಗಿಲ್ಲ.

ತೊಡುವ ಕ್ರಮ

1. ಮೈ ಪೂರ್ತಿ ಒಣಗಿರಲಿ. ಸ್ನಾನ ಮಾಡಿದ ತಕ್ಷಣ ಹಾಕಹೋದರೆ ಬಟ್ಟೆ ಬೆನ್ನಿಗೆ ಅಂಟಿ ಅರ್ಧದಲ್ಲೇ ಸಿಕ್ಕಿಕೊಳ್ಳುತ್ತದೆ.

2. ತಲೆಯ ಮೇಲಿಂದ ಎಳೆಯಲಾಗದಿದ್ದರೆ ಕಾಲಿನ ಕಡೆಯಿಂದ ಹತ್ತಿಸಿ. ಇನ್ನೊಂದು ದಾರಿಯಿದೆ. ಬೈಂಡರಿನ ಒಳಮೈ ಹೊರಗೆ ಮಾಡಿ, ತಲೆಕೆಳಗಾಗಿ ಹಿಡಿದು, ಕೆಳ ಅಂಚನ್ನು ಮೊದಲು ಎದೆಯ ಕೆಳಗೆ ಕೂರಿಸಿ, ಆಮೇಲೆ ಉಳಿದದ್ದನ್ನು ಮೇಲಕ್ಕೆ ಮಗುಚಿ ತೋಳು ತೂರಿಸಿ.

3. ಸ್ವಲ್ಪ ಮುಂದಕ್ಕೆ ಬಗ್ಗಿ. ಒಂದು ಕೈ ಒಳಗೆ ಹಾಕಿ ಒಂದೊಂದೇ ಬದಿಯ ಎದೆಯನ್ನು ಕೆಳಕ್ಕೆ ಮತ್ತು ಕಂಕುಳಿನತ್ತ ಹೊರಕ್ಕೆ ಸರಿಸಿ. ಈ ಹೆಜ್ಜೆ ಬಿಟ್ಟರೆ ಎರಡೂ ಕಡೆಯದು ನಡುವಿಗೆ ಬಂದು ಒಂದೇ ಗುಡ್ಡವಾಗಿ ಕೂರುತ್ತದೆ. ಎದೆಯ ತೊಟ್ಟುಗಳು ಮುಂದಕ್ಕೆ ಅಥವಾ ತುಸು ಕೆಳಕ್ಕೆ ಮುಖ ಮಾಡಿದ್ದರೆ ಸರಿಯಾಗಿದೆ ಎಂದರ್ಥ.

4. ಈಗ ಪರೀಕ್ಷೆ. ದೀರ್ಘವಾಗಿ ಉಸಿರೆಳೆಯಿರಿ, ಎರಡೂ ಕೈ ಮೇಲೆತ್ತಿ, ಕುಳಿತೇಳಿ. ಕೆಳ ಅಂಚಿನೊಳಗೆ ಎರಡು ಬೆರಳು ಸಲೀಸಾಗಿ ತೂರಬೇಕು. ಉಸಿರು ಅರ್ಧದಲ್ಲೇ ನಿಂತರೆ ಅದು ನಿಮ್ಮ ಸೈಜಲ್ಲ, ಎಷ್ಟೇ ಚೆನ್ನಾಗಿ ಕಾಣಲಿ.

ಬೆನ್ನು ಗೂನು ಮಾಡಿ ಎದೆ ಮುಚ್ಚಿಕೊಳ್ಳುವ ಹಳೆಯ ಅಭ್ಯಾಸವಿದ್ದರೆ ಬೈಂಡರ್ ತೊಟ್ಟಾಗಲಾದರೂ ಬಿಡಿ. ನೇರ ನಿಂತರೆ ಶರ್ಟು ಹೆಗಲಿನಿಂದ ನೆಟ್ಟಗೆ ಇಳಿಯುತ್ತದೆ, ಬೆನ್ನುನೋವೂ ಕಡಿಮೆ.

ಎಷ್ಟು ಹೊತ್ತು, ಎಷ್ಟು ದಿನ

ದಿನಕ್ಕೆ 8 ಗಂಟೆ ಮೀರಬಾರದು, ತೊಟ್ಟು ಮಲಗಬಾರದು, ನಡುನಡುವೆ ತೆಗೆದು ಮೈ ಸಡಿಲಿಸಬೇಕು ಎನ್ನುವುದು ಎಲ್ಲೆಡೆ ಕೊಡುವ ಸಲಹೆ. ಹೊಸಬರು ಮನೆಯಲ್ಲೇ ಒಂದೆರಡು ಗಂಟೆಯಿಂದ ಶುರು ಮಾಡಲಿ. ಆದರೆ ಗಂಟೆಯ ಲೆಕ್ಕ ಇಡುವ ಎಷ್ಟೋ ಜನ ದಿನದ ಲೆಕ್ಕ ಮರೆಯುತ್ತಾರೆ. ಎದೆ ಕಟ್ಟುವುದರ ಪರಿಣಾಮದ ಬಗ್ಗೆ 2017ರಲ್ಲಿ ಪ್ರಕಟವಾದ ಅಧ್ಯಯನವೊಂದರಲ್ಲಿ 38 ದೇಶಗಳ 1,800 ಮಂದಿ ಪಾಲ್ಗೊಂಡಿದ್ದರು. ಅವರಲ್ಲಿ ಶೇ 97ರಷ್ಟು ಜನ ಒಂದಲ್ಲ ಒಂದು ದೈಹಿಕ ತೊಂದರೆ ಹೇಳಿಕೊಂಡರು. ಬೆನ್ನುನೋವು, ಮೈ ಬಿಸಿಯೇರುವುದು ಅರ್ಧಕ್ಕಿಂತ ಹೆಚ್ಚು ಜನರಿಗೆ ಇತ್ತು. ವಾರದಲ್ಲಿ ಎಷ್ಟು ದಿನ ಕಟ್ಟುತ್ತಾರೆ ಎಂಬುದಕ್ಕೂ ಈ ತೊಂದರೆಗಳಿಗೂ ಹತ್ತಿರದ ನಂಟು ಕಂಡುಬಂತು. ಎಂದರೆ ವಾರಕ್ಕೊಂದೆರಡು ದಿನ ಪೂರ್ತಿ ರಜೆ ಕೊಡುವುದಕ್ಕೆ ಬೆಲೆಯಿದೆ. ಇದರ ಇನ್ನೊಂದು ಮುಖವನ್ನೂ ಹೇಳಬೇಕು: ಕಟ್ಟಿಕೊಂಡ ಮೇಲೆ ಆತಂಕ, ಖಿನ್ನತೆ ಇಳಿಯಿತು ಎಂದೂ ಅದೇ ಜನ ಹೇಳಿದ್ದಾರೆ. ಆದ್ದರಿಂದ ತೊಂದರೆಯ ಪಟ್ಟಿ ತೋರಿಸಿ ಬಿಟ್ಟುಬಿಡು ಎನ್ನುವುದು ಸುಲಭದ ಮಾತು, ಉಪಯೋಗದ ಮಾತಲ್ಲ.

ಈ ಮಿತಿಯನ್ನು ಪಾಲಿಸಲು ಹೆಚ್ಚು ಕಷ್ಟಪಡುವವರು ಮನೆಯಲ್ಲಿ ವಿಷಯ ಹೇಳದವರು. ಬೆಳಿಗ್ಗೆ ಹಾಕಿದ್ದನ್ನು ರಾತ್ರಿ ಎಲ್ಲರೂ ಮಲಗುವ ತನಕ ತೆಗೆಯಲಾಗುವುದಿಲ್ಲ. ಅಂಥವರು ಮನೆಗೆ ಬಂದ ಕೂಡಲೇ ಬಟ್ಟೆ ಬದಲಿಸುವ ನೆಪದಲ್ಲಿ ಬೈಂಡರ್ ತೆಗೆದು, ಸ್ಪೋರ್ಟ್ಸ್ ಬ್ರಾ ಮತ್ತು ಟೊಪ್ಪಿಗೆಯಿರುವ ದಪ್ಪ ಹೂಡಿಗೆ ಇಳಿಯುವುದು ಒಂದು ದಾರಿ.

ಯಾವತ್ತೂ ಬೇಡ

ಗಾಯಕ್ಕೆ ಕಟ್ಟುವ ಕ್ರೇಪ್ ಬ್ಯಾಂಡೇಜ್, ಡಕ್ಟ್ ಟೇಪ್, ಅಡುಗೆಮನೆಯ ಪ್ಲಾಸ್ಟಿಕ್ ಸುತ್ತು, ಯಾವುದನ್ನೂ ಎದೆಗೆ ಸುತ್ತಬೇಡಿ. ಕೈಗೆ ಸುಲಭವಾಗಿ ಸಿಗುತ್ತವೆ ಎಂಬುದೇ ಇವುಗಳ ಅಪಾಯ. ಬ್ಯಾಂಡೇಜ್ ನೀವು ಓಡಾಡಿದಂತೆ, ಉಸಿರಾಡಿದಂತೆ ಬಿಗಿಯುತ್ತಾ ಹೋಗಿ ಪಕ್ಕೆಲುಬಿನ ಗೂಡು ಅರಳಲು ಬಿಡುವುದಿಲ್ಲ. ಡಕ್ಟ್ ಟೇಪ್ ಕೀಳುವಾಗ ಚರ್ಮವೂ ಕಿತ್ತುಬರುತ್ತದೆ. ಬೈಂಡರಿನ ಮೇಲೆ ಇನ್ನೊಂದು ಬೈಂಡರ್ ತೊಡುವುದೂ ಇದೇ ಪಟ್ಟಿಗೆ ಸೇರಿದ್ದು.

ಅಂಟಿಸುವ ಟೇಪ್

ಇದೇ ಕೆಲಸಕ್ಕೆಂದು ಮಾಡಿದ, ಹಿಗ್ಗುವ ಹತ್ತಿಯ ಟೇಪ್ ಬೇರೆ. ಆಟಗಾರರು ಮಂಡಿಗೆ, ಹೆಗಲಿಗೆ ಅಂಟಿಸಿಕೊಳ್ಳುವ ಟೇಪಿನ ಜಾತಿಯದು. ಇದು ಎದೆಯನ್ನು ಒತ್ತುವ ಬದಲು ಕಂಕುಳಿನತ್ತ ಎಳೆದು ಹಿಡಿಯುವುದರಿಂದ ಪಕ್ಕೆಲುಬಿನ ಮೇಲೆ ಭಾರವಿಲ್ಲ, ಹಾಕಿಕೊಂಡೇ ಸ್ನಾನ ಮಾಡಬಹುದು. ತೊಂದರೆ ಏನಿದ್ದರೂ ಚರ್ಮದ್ದು. ಮೊದಲು ಸಣ್ಣ ತುಂಡನ್ನು ಒಂದು ದಿನ ಅಂಟಿಸಿ ನೋಡಿ, ತುರಿಕೆ ಬಂದರೆ ಕೈಬಿಡಿ. ಒಗ್ಗಿದರೆ, ಚರ್ಮಕ್ಕೆ ಎಣ್ಣೆ, ಲೋಷನ್ ಹಚ್ಚದೆ ಒಣಗಿಸಿ, ತೊಟ್ಟಿನ ಮೇಲೆ ಹತ್ತಿಯ ತುಂಡಿಟ್ಟು, ತುದಿಯನ್ನು ಎಳೆಯದೆ ಅಂಟಿಸಿ, ನಡುವೆ ಮಾತ್ರ ಹದವಾಗಿ ಎಳೆದು, ಕೊನೆಯ ತುದಿಯನ್ನೂ ಎಳೆಯದೆ ಕೂರಿಸಿ. ತುದಿ ಎಳೆದರೆ ಅಲ್ಲೇ ಬೊಬ್ಬೆ ಏಳುವುದು. ಬೆನ್ನು ಬಳಸಿ ಸುತ್ತು ಹಾಕಬೇಡಿ. ತೆಗೆಯುವಾಗ ಅವಸರ ಬೇಡ, ಟೇಪಿನ ಮೇಲೆ ಧಾರಾಳವಾಗಿ ಎಣ್ಣೆ ಸುರಿದು ಹತ್ತು ನಿಮಿಷ ನೆನೆಯಲು ಬಿಟ್ಟು ನಿಧಾನಕ್ಕೆ ಸುಲಿಯಿರಿ. ಮತ್ತೆ ಅಂಟಿಸುವ ಮೊದಲು ಚರ್ಮಕ್ಕೆ ಬಿಡುವು ಕೊಡಿ.

ಸೆಕೆ, ವ್ಯಾಯಾಮ, ಈಜು, ಕೆಮ್ಮು

ಸೆಕೆಗಾಲದಲ್ಲಿ ಬೈಂಡರ್ ಒಳಗೆ ತೆಳ್ಳಗಿನ ಹತ್ತಿಯ ಬನಿಯನ್ ಹಾಕಿದರೆ ಬೆವರು ಹೀರುತ್ತದೆ. ಎದೆಯ ಕೆಳಗಿನ ಮಡಿಕೆಯಲ್ಲಿ ಬೆವರು ನಿಂತರೆ ಫಂಗಸ್ ಬರುತ್ತದೆ, ಆ ಜಾಗವನ್ನು ಒತ್ತಿ ಒರೆಸಿ ಗಾಳಿಗೆ ಬಿಡಿ. ಓಟ, ಜಿಮ್, ಆಟಕ್ಕೆ ಬೈಂಡರ್ ಬೇಡ, ಸ್ಪೋರ್ಟ್ಸ್ ಬ್ರಾ ಸಾಕು. ಈಜಿಗೆ ಬೇರೆಯದೇ ಇಟ್ಟುಕೊಳ್ಳಿ, ಕೊಳದ ಕ್ಲೋರಿನ್ ಸ್ಪ್ಯಾಂಡೆಕ್ಸನ್ನು ತಿಂದುಹಾಕುತ್ತದೆ. ನೆಗಡಿ, ಕೆಮ್ಮು, ಉಬ್ಬಸ ಇದ್ದಾಗ ಎದೆ ಕಟ್ಟದಿರಿ, ಕಫ ಹೊರಬರಬೇಕಾದರೆ ಶ್ವಾಸಕೋಶ ಪೂರ್ತಿ ಅರಳಬೇಕು. ಅಸ್ತಮಾ ಅಥವಾ ಬೆನ್ನುಮೂಳೆ ಬಾಗಿರುವ ತೊಂದರೆ ಇದ್ದವರು, ಇನ್ನೂ ಬೆಳೆಯುವ ವಯಸ್ಸಿನವರು ಶುರು ಮಾಡುವ ಮುಂಚೆಯೇ ವೈದ್ಯರನ್ನು ಕೇಳಬೇಕು.

ತಕ್ಷಣ ತೆಗೆಯಬೇಕಾದಾಗ

ಚುಚ್ಚಿದಂಥ ನೋವು, ಏದುಸಿರು, ತಲೆಸುತ್ತು, ಕೈಬೆರಳು ಜೋಮು ಹಿಡಿಯುವುದು, ಇವುಗಳಲ್ಲಿ ಒಂದು ಕಂಡರೂ ಎಲ್ಲಿದ್ದೀರೋ ಅಲ್ಲೇ ಬಚ್ಚಲಿಗೆ ಹೋಗಿ ತೆಗೆಯಿರಿ. ಇಂಥ ಹೊತ್ತಿಗೆಂದೇ ಬ್ಯಾಗಿನಲ್ಲಿ ಒಂದು ದೊಗಳೆ ಮೇಲಂಗಿ ಇರಲಿ. ತೆಗೆದ ಮೇಲೂ ಉಸಿರಾಟ ಸರಿಹೋಗದಿದ್ದರೆ, ಕೆಮ್ಮಿದಾಗ, ಮಗ್ಗುಲು ಬದಲಿಸಿದಾಗ ಪಕ್ಕೆಲುಬು ನೋಯುತ್ತಿದ್ದರೆ ವೈದ್ಯರಿಗೆ ತೋರಿಸಿ. ಎದೆ ಕಟ್ಟುವ ವಿಷಯ ಮುಚ್ಚಿಟ್ಟರೆ ಅವರು ಕಾರಣವನ್ನು ಬೇರೆಲ್ಲೋ ಹುಡುಕುತ್ತಾರೆ. ಗಂಟು, ತೊಟ್ಟಿನಿಂದ ಸ್ರಾವ ಕಂಡರೆ ಬೈಂಡರಿನಿಂದ ಇರಬಹುದು ಎಂದು ಸುಮ್ಮನಿರಬೇಡಿ.

ಒಗೆತ ಮತ್ತು ಮುಂದಿನ ದಿನಗಳು

ತಣ್ಣೀರು, ಮೆದು ಸೋಪು, ಕೈ ಒಗೆತ. ಬ್ಲೀಚ್ ಬೇಡ, ಡ್ರೈಯರ್ ಬೇಡ, ಹಿಂಡಿ ತಿರುಚುವುದೂ ಬೇಡ. ನೆರಳಿನಲ್ಲಿ ಒಣಗಿಸಿ. ಬಚ್ಚಿಟ್ಟು ಒಗೆಯುವವರು ಪೂರ್ತಿ ಒಣಗದ್ದನ್ನೇ ತೊಡುವುದುಂಟು, ಚರ್ಮರೋಗಕ್ಕೆ ಅದು ನೇರ ದಾರಿ. ಸಾಧ್ಯವಾದರೆ ಎರಡು ಇಟ್ಟುಕೊಳ್ಳಿ. ಅಂಚು ಸಡಿಲವಾಗಿ, ಹೊಲಿಗೆ ಚರ್ಮಕ್ಕೆ ಉಜ್ಜತೊಡಗಿದರೆ ಅದರ ಕಾಲ ಮುಗಿಯಿತು.

ಗಂಡು ಹಾರ್ಮೋನಾದ ಟೆಸ್ಟೋಸ್ಟಿರಾನ್ ಶುರು ಮಾಡಿದರೆ ಎದೆ ಕರಗಿಹೋಗುತ್ತದೆ ಎಂದು ಕಾಯಬೇಡಿ, ಅದರಿಂದ ಅಲ್ಲಿ ಆಗುವ ಬದಲಾವಣೆ ಅಲ್ಪ. ಬೆವರು ಹೆಚ್ಚುತ್ತದೆ, ಬೆನ್ನು, ಎದೆಯ ಮೇಲೆ ಮೊಡವೆ ಏಳಬಹುದು. ಕೊಬ್ಬು ಜಾಗ ಬದಲಿಸಲು ವರ್ಷಗಳು ಬೇಕು. ಸ್ನಾಯು ಬೆಳೆದು ಹೆಗಲು ತುಂಬಿದಾಗ ಹಳೆಯ ಬೈಂಡರ್ ಕಂಕುಳಿನಲ್ಲಿ ಕೊಯ್ಯುತ್ತದೆ, ಆಗಾಗ ಹೊಸದಾಗಿ ಅಳೆದು ನೋಡಿ. ಮುಂದೆ ಎದೆಯ ಶಸ್ತ್ರಚಿಕಿತ್ಸೆಗೆ ಹೋಗುವವರು ಎಷ್ಟು ವರ್ಷದಿಂದ, ಹೇಗೆ ಕಟ್ಟುತ್ತಿದ್ದೀರಿ ಎಂದು ಸರ್ಜನ್‌ಗೆ ತಿಳಿಸಿ, ಏಕೆಂದರೆ ಚರ್ಮ ಎಷ್ಟು ಹಿಗ್ಗಿ ಕುಗ್ಗಬಲ್ಲದು ಎಂಬುದು ಅವರಿಗೆ ಮುಖ್ಯ. ಶಸ್ತ್ರಚಿಕಿತ್ಸೆಯ ನಂತರ ತೊಡಿಸುವ ಬಿಗಿ ಮೇಲಂಗಿ ಬಾವು ಇಳಿಸಲೆಂದು ಇರುವಂಥದ್ದು. ಅದರ ಬದಲಿಗೆ ಹಳೆಯ ಬೈಂಡರ್ ತೊಡಬೇಡಿ, ಎಷ್ಟು ದಿನ ಹಾಕಬೇಕು ಎಂಬುದನ್ನು ಸರ್ಜನ್ ಹೇಳುತ್ತಾರೆ.