ಹಿರಿಯ ಹೃದ್ರೋಗಿಗಳ ಆಹಾರ, ವ್ಯಾಯಾಮ ಮತ್ತು ರಕ್ತದಲ್ಲಿ ಕಾಣುವ ವೃದ್ಧಾಪ್ಯದ ಸೂಚಕಗಳು: ಆರಂಭಿಸುವ ಕ್ರಮ, ಅಳೆಯುವ ಕ್ರಮ

ಅರವತ್ತೈದು ದಾಟಿದ ಹೃದ್ರೋಗಿಯೊಬ್ಬರು ಆಹಾರ ಮತ್ತು ವ್ಯಾಯಾಮದ ಹೊಸ ಕ್ರಮವನ್ನು ಆರಂಭಿಸುವ ಮುನ್ನ ಮಾಡಬೇಕಾದ ಮೊದಲ ಕೆಲಸ ರಕ್ತಪರೀಕ್ಷೆಯಲ್ಲ. ದೇಹದಲ್ಲಿ ಈಗ ಎಷ್ಟು ಕಸುವು ಉಳಿದಿದೆ ಎಂಬುದನ್ನು ಅಳೆದು ಬರೆದಿಟ್ಟುಕೊಳ್ಳುವುದು. ಇದಕ್ಕೆ ಎರಡು ಸರಳ ಪರೀಕ್ಷೆಗಳು ಸಾಕು. ಎರಡೂ ಕೈಗಳನ್ನು ಎದೆಯ ಮೇಲೆ ಮಡಚಿಕೊಂಡು, ಕುರ್ಚಿಯಿಂದ ಐದು ಬಾರಿ ಎದ್ದು ಕೂರಲು ಎಷ್ಟು ಸೆಕೆಂಡು ಹಿಡಿಯುತ್ತದೆ ಎಂದು ನೋಡುವುದು ಒಂದು. ನಾಲ್ಕು ಮೀಟರ್ ದೂರವನ್ನು ಎಂದಿನ ನಡಿಗೆಯಲ್ಲಿ ದಾಟಲು ಎಷ್ಟು ಹೊತ್ತು ಬೇಕು ಎಂದು ನೋಡುವುದು ಇನ್ನೊಂದು. ಸ್ನಾಯುಕ್ಷಯದ ಕುರಿತು ಯುರೋಪಿನ ತಜ್ಞರ ಗುಂಪು 2019ರಲ್ಲಿ ಪ್ರಕಟಿಸಿದ ಮಾನದಂಡದ ಪ್ರಕಾರ, ಮೊದಲನೆಯದಕ್ಕೆ 15 ಸೆಕೆಂಡಿಗಿಂತ ಹೆಚ್ಚು ಬೇಕಾದರೆ ಸ್ನಾಯುಬಲ ಕುಗ್ಗಿದೆ ಎಂದೂ, ನಡಿಗೆಯ ವೇಗ ಸೆಕೆಂಡಿಗೆ 0.8 ಮೀಟರ್ ಅಥವಾ ಅದಕ್ಕಿಂತ ಕಡಿಮೆಯಿದ್ದರೆ ಸ್ನಾಯುವಿನ ಕಾರ್ಯಕ್ಷಮತೆ ತಗ್ಗಿದೆ ಎಂದೂ ಭಾವಿಸಬಹುದು. ಬೀಳುವ ಭಯವಿರುವವರು ಪಕ್ಕದಲ್ಲಿ ಒಬ್ಬರನ್ನು ನಿಲ್ಲಿಸಿಕೊಂಡೇ ಇದನ್ನು ಮಾಡಬೇಕು.

ಹೀಗೆ ಶಕ್ತಿಯನ್ನು ಮುಂದಿಟ್ಟು ರಕ್ತವನ್ನು ಹಿಂದಿಡುವುದಕ್ಕೆ ಕಾರಣವಿದೆ. ಮನುಷ್ಯನ ಜೀವಕೋಶಗಳು ಅನಂತವಾಗಿ ವಿಭಜನೆಗೊಳ್ಳುವುದಿಲ್ಲ ಎಂಬುದನ್ನು ಲಿಯೊನಾರ್ಡ್ ಹೇಫ್ಲಿಕ್ ಮತ್ತು ಪಾಲ್ ಮೂರ್‌ಹೆಡ್ 1961ರಲ್ಲಿ ತೋರಿಸಿಕೊಟ್ಟರು. ವಿಭಜನೆ ನಿಲ್ಲಿಸಿದ ಇಂಥ ಮುದಿ ಕೋಶಗಳು ಸುಮ್ಮನಿರದೆ, ಉರಿಯೂತ ಹುಟ್ಟಿಸುವ ಹಲವು ಪ್ರೋಟೀನುಗಳನ್ನು ಸುತ್ತಲೂ ಸ್ರವಿಸುತ್ತಿರುತ್ತವೆ ಎಂಬುದು ನಂತರ ತಿಳಿದುಬಂತು. ಇಂಟರ್‌ಲ್ಯೂಕಿನ್-6 ಅಂಥ ಪ್ರೋಟೀನುಗಳಲ್ಲೊಂದು. ಅದರ ಪ್ರಚೋದನೆಯಿಂದ ಯಕೃತ್ತು ಸಿ-ರಿಯಾಕ್ಟಿವ್ ಪ್ರೋಟೀನನ್ನು, ಅಂದರೆ ಸಿಆರ್‌ಪಿಯನ್ನು, ಹೆಚ್ಚಾಗಿ ತಯಾರಿಸುತ್ತದೆ. ಜಿಡಿಎಫ್-15 ಎಂಬ ಇನ್ನೊಂದು ಪ್ರೋಟೀನು ವಯಸ್ಸಿನೊಂದಿಗೂ ಹೃದಯ ವೈಫಲ್ಯದ ತೀವ್ರತೆಯೊಂದಿಗೂ ಏರುತ್ತದೆ. ಆದರೆ ಸೋಂಕು, ಸ್ಥೂಲಕಾಯ, ಮೂತ್ರಪಿಂಡದ ದೌರ್ಬಲ್ಯ ಮೊದಲಾದ ಬೇರೆ ಕಾರಣಗಳಿಂದಲೂ ಇವು ಏರುವುದರಿಂದ, ಸಂಖ್ಯೆಯೊಂದನ್ನು ಮಾತ್ರ ನೋಡಿ ಇದು ವೃದ್ಧಾಪ್ಯದ ಫಲವೇ ರೋಗದ ಫಲವೇ ಎಂದು ಬೇರ್ಪಡಿಸಲಾಗದು. ಕುರ್ಚಿಯಿಂದ ಏಳುವ ಶಕ್ತಿಯ ವಿಷಯದಲ್ಲಿ ಅಂಥ ಗೊಂದಲವಿಲ್ಲ. ಕಾರಣ ಏನೇ ಇದ್ದರೂ ದಿನನಿತ್ಯದ ಬದುಕು ನಿಂತಿರುವುದು ಅದರ ಮೇಲೆಯೇ.

ಆಹಾರದ ವಿಷಯದಲ್ಲಿ ಮೊದಲು ನಿರ್ಧರಿಸಬೇಕಾದದ್ದು ತೂಕ ಇಳಿಸಬೇಕೇ ಬೇಡವೇ ಎಂಬುದು. ಹೃದಯದ ಹಿಂಡುವ ಬಲ ಸರಿಯಿದ್ದೂ ಅದು ಸಡಿಲಗೊಂಡು ತುಂಬಿಕೊಳ್ಳುವುದರಲ್ಲಿ ದೋಷವಿರುವ ಹೃದಯ ವೈಫಲ್ಯ ಹಿರಿಯರಲ್ಲಿ, ಅದರಲ್ಲೂ ಸ್ಥೂಲಕಾಯರಲ್ಲಿ, ಸಾಮಾನ್ಯ. ಅಂಥ 100 ಮಂದಿ ಹಿರಿಯರ ಮೇಲೆ ಅಮೆರಿಕದಲ್ಲಿ ನಡೆದು 2016ರಲ್ಲಿ ಪ್ರಕಟವಾದ ಅಧ್ಯಯನವೊಂದರಲ್ಲಿ, 20 ವಾರಗಳ ಕಾಲ ಕೆಲವರಿಗೆ ಕ್ಯಾಲೊರಿ ಕಡಿತದ ಆಹಾರವನ್ನೂ, ಕೆಲವರಿಗೆ ಮೇಲ್ವಿಚಾರಣೆಯ ನಡಿಗೆಯನ್ನೂ, ಕೆಲವರಿಗೆ ಎರಡನ್ನೂ ನೀಡಲಾಯಿತು. ಶ್ರಮದ ಹೊತ್ತಿನಲ್ಲಿ ದೇಹ ಆಮ್ಲಜನಕವನ್ನು ಬಳಸಿಕೊಳ್ಳುವ ಸಾಮರ್ಥ್ಯ ಆಹಾರ ಕ್ರಮದಿಂದಲೂ ವ್ಯಾಯಾಮದಿಂದಲೂ ಹೆಚ್ಚುಕಡಿಮೆ ಸಮಾನವಾಗಿ ಏರಿತು. ಎರಡೂ ಕೂಡಿದಾಗ ಲಾಭವೂ ಕೂಡಿಕೊಂಡಿತು, ತೂಕ ಸುಮಾರು ಶೇಕಡ 10ರಷ್ಟು ಇಳಿಯಿತು. ಈ ಫಲಿತಾಂಶ ಸ್ಥೂಲಕಾಯರಿಗೆ ಸಂಬಂಧಿಸಿದ್ದು. ಇದನ್ನು ಓದಿ, ಮೊದಲೇ ಸಣಕಲಾಗಿರುವ ಅಥವಾ ಕಳೆದ ಕೆಲವು ತಿಂಗಳಲ್ಲಿ ತಾನಾಗಿಯೇ ತೂಕ ಕಳೆದುಕೊಂಡಿರುವ ಹೃದ್ರೋಗಿ ಊಟ ಕಡಿಮೆ ಮಾಡುವುದು ಅಪಾಯಕರ. ಅವರಿಗೆ ಬೇಕಾದದ್ದು ಹೆಚ್ಚು ಪೋಷಣೆ ಮತ್ತು ತೂಕ ಏಕೆ ಇಳಿಯಿತೆಂಬ ವೈದ್ಯಕೀಯ ತಪಾಸಣೆ.

ತೂಕ ಇಳಿಸುವವರೂ ಒಂದು ಸಂಗತಿಯನ್ನು ಮರೆಯಬಾರದು: ಇಳಿಯುವ ತೂಕದಲ್ಲಿ ಕೊಬ್ಬು ಮಾತ್ರವಲ್ಲ, ಸ್ನಾಯುವೂ ಇರುತ್ತದೆ, ಮತ್ತು ವಯಸ್ಸಾದ ಮೇಲೆ ಕಳೆದುಕೊಂಡ ಸ್ನಾಯುವನ್ನು ಮರಳಿ ಪಡೆಯುವುದು ಕಷ್ಟ. ಆದ್ದರಿಂದ ಕಡಿತ ಮಿತವಾಗಿರಬೇಕು, ಪ್ರೋಟೀನು ಕಡಿಮೆಯಾಗಬಾರದು. ಆರೋಗ್ಯವಂತ ಹಿರಿಯರಿಗೆ ದೇಹದ ತೂಕದ ಪ್ರತಿ ಕಿಲೋಗೆ ದಿನಕ್ಕೆ 1ರಿಂದ 1.2 ಗ್ರಾಂ ಪ್ರೋಟೀನು ಬೇಕೆಂಬುದು ತಜ್ಞರ ಸಲಹೆ. ದೀರ್ಘಕಾಲದ ಕಾಯಿಲೆಯಿದ್ದವರಿಗೆ ಇನ್ನೂ ತುಸು ಹೆಚ್ಚು ಬೇಕಾಗಬಹುದು. ಮೂತ್ರಪಿಂಡದ ತೀವ್ರ ತೊಂದರೆಯಿರುವವರು ಮಾತ್ರ ಈ ಪ್ರಮಾಣವನ್ನು ವೈದ್ಯರಿಂದಲೇ ನಿಗದಿಪಡಿಸಿಕೊಳ್ಳಬೇಕು. ಒಂದೇ ಹೊತ್ತಿನ ಊಟಕ್ಕೆ ಕೂಡಿಡದೆ ಮೂರೂ ಹೊತ್ತಿಗೆ ಹಂಚಿಕೊಂಡರೆ ಹಸಿವು ಕಡಿಮೆಯಿರುವ ಹಿರಿಯರಿಗೂ ಇದು ಸಾಧ್ಯವಾಗುತ್ತದೆ.

ತಟ್ಟೆಯಲ್ಲಿ ತರಕಾರಿ, ಹಣ್ಣು, ದ್ವಿದಳ ಧಾನ್ಯ, ಇಡಿಯಾದ ಧಾನ್ಯ, ಮೀನು ಮತ್ತು ಎಣ್ಣೆಬೀಜಗಳಿಗೆ ಹೆಚ್ಚು ಜಾಗ ಕೊಡುವ ಪದ್ಧತಿಗೆ ಹೃದ್ರೋಗಿಗಳಲ್ಲೇ ಪುರಾವೆಯಿದೆ. ಸ್ಪೇನಿನಲ್ಲಿ 1,002 ಹೃದಯಧಮನಿ ರೋಗಿಗಳನ್ನು ಏಳು ವರ್ಷ ಅನುಸರಿಸಿ 2022ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಆಲಿವ್ ಎಣ್ಣೆ ಸಮೃದ್ಧವಾಗಿರುವ ಮೆಡಿಟರೇನಿಯನ್ ಆಹಾರ ಪದ್ಧತಿ ಕಡಿಮೆ ಕೊಬ್ಬಿನ ಆಹಾರಕ್ಕಿಂತ ಮೇಲೆನಿಸಿತು. ಉಪ್ಪನ್ನು ವಿಶ್ವ ಆರೋಗ್ಯ ಸಂಸ್ಥೆ ಹೇಳುವ ದಿನಕ್ಕೆ 5 ಗ್ರಾಂ ಮಿತಿಯೊಳಗೆ ಇಟ್ಟುಕೊಳ್ಳುವುದು ಒಳ್ಳೆಯದು. ಆದರೆ ಸೋಡಿಯಂ ಕಡಿಮೆಯಿರುವ ಬದಲಿ ಉಪ್ಪುಗಳಲ್ಲಿ ಸಾಮಾನ್ಯವಾಗಿ ಪೊಟ್ಯಾಸಿಯಂ ಇರುವುದರಿಂದ, ಸ್ಪೈರೊನೊಲ್ಯಾಕ್ಟೋನ್ ಅಥವಾ ರಾಮಿಪ್ರಿಲ್‌ನಂಥ ಔಷಧ ಸೇವಿಸುವವರಲ್ಲಿ ರಕ್ತದ ಪೊಟ್ಯಾಸಿಯಂ ಅಪಾಯದ ಮಟ್ಟಕ್ಕೆ ಏರಬಹುದು. ವೈದ್ಯರನ್ನು ಕೇಳದೆ ಅವನ್ನು ಬಳಸಬಾರದು. ರಕ್ತ ಹೆಪ್ಪುಗಟ್ಟದಂತೆ ತಡೆಯುವ ವಾರ್ಫರಿನ್ ಸೇವಿಸುವವರು ಸೊಪ್ಪನ್ನು ಬಿಡಬೇಕಾಗಿಲ್ಲ, ವಾರದಿಂದ ವಾರಕ್ಕೆ ಪ್ರಮಾಣ ಒಂದೇ ತೆರನಾಗಿದ್ದರೆ ಸಾಕು.

ವ್ಯಾಯಾಮವೆಂದರೆ ನಡಿಗೆ ಎಂದಷ್ಟೇ ತಿಳಿಯುವುದು ಹಿರಿಯ ಹೃದ್ರೋಗಿಗಳ ಮಟ್ಟಿಗೆ ಅರ್ಧ ಸತ್ಯ. ಆಸ್ಪತ್ರೆಯಿಂದ ಈಚೆಗೆ ಮನೆಗೆ ಬಂದ ದುರ್ಬಲರಿಗೆ ನೇರವಾಗಿ ದೂರದ ನಡಿಗೆ ಹೇಳಿದರೆ ಬೀಳುವ ಸಂಭವವೇ ಹೆಚ್ಚು. ಹೃದಯ ವೈಫಲ್ಯ ಉಲ್ಬಣಿಸಿ ಆಸ್ಪತ್ರೆ ಸೇರಿದ್ದ 349 ಹಿರಿಯರ ಮೇಲೆ ನಡೆದು 2021ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ ಸ್ನಾಯುಬಲ, ಸಮತೋಲ, ಚಲನೆ ಮತ್ತು ತಾಳಿಕೆ ಎಂಬ ನಾಲ್ಕನ್ನೂ ಒಟ್ಟಿಗೆ ತರಬೇತಿಗೊಳಿಸಲಾಯಿತು. ಮೂರು ತಿಂಗಳಲ್ಲಿ ಅವರ ದೈಹಿಕ ಸಾಮರ್ಥ್ಯ ಸ್ಪಷ್ಟವಾಗಿ ಸುಧಾರಿಸಿತು. ಮತ್ತೆ ಆಸ್ಪತ್ರೆ ಸೇರುವ ಪ್ರಮಾಣ ಮಾತ್ರ ಗಣನೀಯವಾಗಿ ತಗ್ಗಲಿಲ್ಲ, ಇದನ್ನೂ ಹೇಳಲೇಬೇಕು. ಅನುಸರಿಸಬಹುದಾದ ಕ್ರಮ ಹೀಗಿದೆ: ಆಸರೆ ಹಿಡಿದು ಒಂಟಿಕಾಲಿನಲ್ಲಿ ಅಥವಾ ಪಾದದ ಹಿಂದೆ ಪಾದವಿಟ್ಟು ನಿಲ್ಲುವುದು, ಕುರ್ಚಿಯಿಂದ ಎದ್ದು ಕೂರುವುದು, ಹಿಮ್ಮಡಿ ಎತ್ತುವುದು ಇವುಗಳಿಂದ ಆರಂಭಿಸಿ, ನಡಿಗೆಯನ್ನು ಐದೈದು ನಿಮಿಷದ ತುಣುಕುಗಳಾಗಿ ಸೇರಿಸಿ, ವಾರಗಳು ಕಳೆದಂತೆ ಮೊದಲು ಅವಧಿಯನ್ನೂ ಆಮೇಲೆ ವೇಗವನ್ನೂ ಹೆಚ್ಚಿಸುವುದು. ವಾರಕ್ಕೆ 150 ನಿಮಿಷ ಎಂಬುದು ತಲುಪಬೇಕಾದ ಗುರಿಯೇ ಹೊರತು ಮೊದಲ ವಾರದ ಲೆಕ್ಕವಲ್ಲ. ಎದೆ ತೆರೆದು ಶಸ್ತ್ರಚಿಕಿತ್ಸೆ ಮಾಡಿಸಿಕೊಂಡವರು ಎದೆಮೂಳೆ ಕೂಡಿಕೊಳ್ಳುವವರೆಗೆ ಭಾರ ಎತ್ತಬಾರದು.

ಶ್ರಮದ ಮಟ್ಟವನ್ನು ನಾಡಿಬಡಿತದಿಂದ ಅಳೆಯುವ ರೂಢಿ ಇಲ್ಲಿ ಕೈಕೊಡುತ್ತದೆ, ಏಕೆಂದರೆ ಬೀಟಾ ಬ್ಲಾಕರ್ ಔಷಧಗಳು ನಾಡಿಯನ್ನು ಏರಗೊಡುವುದಿಲ್ಲ. ನಡೆಯುತ್ತಲೇ ಪೂರ್ಣ ವಾಕ್ಯ ಮಾತನಾಡಲು ಸಾಧ್ಯವಿರಬೇಕು, ಹಾಡಲು ಆಗದಷ್ಟು ಏದುಸಿರು ಇರಬೇಕು. ಈ ಅಳತೆ ಸಾಕು. ಎದೆನೋವು, ತಲೆಸುತ್ತು, ಎದೆಬಡಿತದ ಏರುಪೇರು ಅಥವಾ ವಿಪರೀತ ಉಬ್ಬಸ ಕಂಡರೆ ಕೂಡಲೇ ನಿಲ್ಲಿಸಬೇಕು. ವಿಶ್ರಾಂತಿಯಿಂದಲೂ ನೋವು ಹೋಗದಿದ್ದರೆ ತುರ್ತು ಚಿಕಿತ್ಸೆಗೆ ಹೋಗಬೇಕು. ಹೃದಯ ವೈಫಲ್ಯವಿರುವವರ ತೂಕ ಮೂರು ದಿನದಲ್ಲಿ ಎರಡು ಕಿಲೋಗಿಂತ ಹೆಚ್ಚು ಏರಿದರೆ ಅದು ನೀರು ತುಂಬುತ್ತಿರುವ ಲಕ್ಷಣವಿರಬಹುದಾದ್ದರಿಂದ ವ್ಯಾಯಾಮ ಬಿಟ್ಟು ವೈದ್ಯರಿಗೆ ತಿಳಿಸಬೇಕು. ತೂಕ ಇಳಿದು ಚಟುವಟಿಕೆ ಹೆಚ್ಚಿದಂತೆ ರಕ್ತದೊತ್ತಡ ಮತ್ತು ಮಧುಮೇಹದ ಔಷಧಗಳು ಅತಿಯಾಗಿ ಕೆಲಸ ಮಾಡತೊಡಗುವುದುಂಟು. ಎದ್ದುನಿಂತಾಗ ಕಣ್ಣು ಕತ್ತಲಾದರೆ ಔಷಧದ ಪ್ರಮಾಣವನ್ನು ಮರುಪರಿಶೀಲಿಸಲು ಕೇಳಿ, ನೀವಾಗಿಯೇ ಬಿಡಬೇಡಿ.

ಇನ್ನು ರಕ್ತ. ಕ್ರಮ ಆರಂಭಿಸುವ ಮುನ್ನ ಒಮ್ಮೆ, ಸುಮಾರು ಮೂರು ತಿಂಗಳ ಬಳಿಕ ಒಮ್ಮೆ, ಸಾಧ್ಯವಾದರೆ ಒಂದೇ ಪ್ರಯೋಗಾಲಯದಲ್ಲಿ ಪರೀಕ್ಷಿಸಿದರೆ ಹೋಲಿಕೆಗೆ ಅರ್ಥವಿರುತ್ತದೆ. ಹಿಂದಿನ ಎರಡು ದಿನ ಕಠಿಣ ವ್ಯಾಯಾಮ ಬೇಡ. ಅತ್ಯಲ್ಪ ಪ್ರಮಾಣವನ್ನೂ ಗುರುತಿಸುವ ಸೂಕ್ಷ್ಮ ಪರೀಕ್ಷೆಯಲ್ಲಿ ಸಿಆರ್‌ಪಿ ಲೀಟರಿಗೆ 1 ಮಿಲಿಗ್ರಾಂಗಿಂತ ಕಡಿಮೆಯಿದ್ದರೆ ಹೃದಯದ ಅಪಾಯ ಕಡಿಮೆ, 3ಕ್ಕಿಂತ ಹೆಚ್ಚಿದ್ದರೆ ಅಧಿಕ ಎಂದು ಗಣಿಸುತ್ತಾರೆ. 10ನ್ನು ದಾಟಿದ್ದರೆ ಸೋಂಕನ್ನೋ ಗಾಯವನ್ನೋ ಹುಡುಕಿ, ಅದು ವಾಸಿಯಾದ ಮೇಲೆ ಮತ್ತೆ ಮಾಡಿಸಬೇಕು. ಈ ಸಂಖ್ಯೆ ಒಬ್ಬರಲ್ಲೇ ದಿನದಿಂದ ದಿನಕ್ಕೆ ಬಹಳ ಏರಿಳಿಯುವುದರಿಂದ ಎರಡು ವಾರದ ಅಂತರದಲ್ಲಿ ಎರಡು ಸಲ ನೋಡಿ ಸರಾಸರಿ ತೆಗೆಯುವುದು ಸೂಕ್ತ. ಕೊಲೆಸ್ಟರಾಲ್ ಇಳಿಸುವ ಸ್ಟ್ಯಾಟಿನ್ ಔಷಧವೂ ಸಿಆರ್‌ಪಿಯನ್ನು ಇಳಿಸುತ್ತದೆ. ಮಧ್ಯದಲ್ಲಿ ಅದರ ಪ್ರಮಾಣ ಬದಲಾಗಿದ್ದರೆ ಇಳಿಕೆಯ ಶ್ರೇಯಸ್ಸನ್ನು ನಡಿಗೆಗೆ ಕೊಡಲಾಗದು.

ಸ್ನಾಯುವಿನಲ್ಲಿ ಹುಟ್ಟಿ ಮೂತ್ರಪಿಂಡದ ಮೂಲಕ ಹೊರಹೋಗುವ ತ್ಯಾಜ್ಯವಾದ ಕ್ರಿಯಾಟಿನಿನ್, ಸ್ನಾಯು ಬೆಳೆದರೆ ತುಸು ಏರಬಹುದು, ಕರಗಿದರೆ ಇಳಿಯಬಹುದು; ಮೂತ್ರಪಿಂಡದ ನಿಜಸ್ಥಿತಿ ಅನುಮಾನವಾದಾಗ ಸ್ನಾಯುವನ್ನು ಅಷ್ಟಾಗಿ ಅವಲಂಬಿಸದ ಸಿಸ್ಟಾಟಿನ್-ಸಿ ಪರೀಕ್ಷೆ ನೆರವಾಗುತ್ತದೆ. ಹೃದಯದ ಮೇಲಿನ ಒತ್ತಡವನ್ನು ಸೂಚಿಸುವ ಎನ್‌ಟಿ-ಪ್ರೊಬಿಎನ್‌ಪಿ ಸ್ಥೂಲಕಾಯರಲ್ಲಿ ಇರಬೇಕಾದ್ದಕ್ಕಿಂತ ಕಡಿಮೆ ತೋರುತ್ತದೆ, ವಯಸ್ಸು ಮತ್ತು ಮೂತ್ರಪಿಂಡದ ತೊಂದರೆಯಿಂದ ಹೆಚ್ಚು ತೋರುತ್ತದೆ. ಎಚ್‌ಬಿಎ1ಸಿ ಕಳೆದ ಎರಡು-ಮೂರು ತಿಂಗಳ ಸಕ್ಕರೆಯ ಸರಾಸರಿಯನ್ನು ಹೇಳುತ್ತದೆಯಾದರೂ ರಕ್ತಹೀನತೆಯಿದ್ದವರಲ್ಲಿ ತಪ್ಪು ದಾರಿ ಹಿಡಿಸಬಲ್ಲದು.

ಟೆಲೋಮಿಯರ್ (ವರ್ಣತಂತುಗಳ ತುದಿಯ ರಕ್ಷಕ ಭಾಗ) ಉದ್ದ, ಜೈವಿಕ ವಯಸ್ಸು ಎಂಬ ಹೆಸರಿನಲ್ಲಿ ಮಾರಾಟವಾಗುವ ಪರೀಕ್ಷೆಗಳಿಗೆ ಹಣ ಹಾಕುವುದು ನನ್ನ ಅಭಿಪ್ರಾಯದಲ್ಲಿ ವ್ಯರ್ಥ. ಸಂಶೋಧನೆಯಲ್ಲಿ ನೂರಾರು ಜನರ ಸರಾಸರಿಗೆ ಅವು ಉಪಯುಕ್ತ. ಒಬ್ಬ ರೋಗಿಯ ಮಾತ್ರೆಯನ್ನಾಗಲಿ ಊಟವನ್ನಾಗಲಿ ಅವುಗಳ ಆಧಾರದ ಮೇಲೆ ಬದಲಿಸಲು ಬರುವುದಿಲ್ಲ.

ಮೂರು ತಿಂಗಳ ಬಳಿಕ ಕುರ್ಚಿಯ ಪರೀಕ್ಷೆ ಚುರುಕಾಗಿ, ಸಿಆರ್‌ಪಿ ಇದ್ದಲ್ಲೇ ಇದ್ದರೆ ಕ್ರಮವನ್ನು ಹಾಗೆಯೇ ಮುಂದುವರಿಸಬೇಕು. ತದ್ವಿರುದ್ಧವಾಗಿ, ಸಿಆರ್‌ಪಿ ಇಳಿದು ತೂಕವೂ ಇಳಿದು, ಏಳುವುದು ಮಾತ್ರ ನಿಧಾನವಾಗಿದ್ದರೆ ಸ್ನಾಯು ಕರಗುತ್ತಿರುವ ಸಂಭವವಿದೆ: ಕ್ಯಾಲೊರಿ ಕಡಿತವನ್ನು ನಿಲ್ಲಿಸಿ, ಪ್ರೋಟೀನನ್ನೂ ಬಲವರ್ಧಕ ವ್ಯಾಯಾಮವನ್ನೂ ಹೆಚ್ಚಿಸುವ ಬಗ್ಗೆ ವೈದ್ಯರೊಂದಿಗೆ ಮಾತನಾಡಿ, ಆರು ವಾರಗಳಲ್ಲಿ ಕುರ್ಚಿಯ ಪರೀಕ್ಷೆಯನ್ನು ಮತ್ತೆ ಮಾಡಬೇಕು.