ಯಾರು, ಏನು, ಯಾಕೆ: ನಾನು ಕೃತಜ್ಞತೆ ಬರೆದಿಡುವ ಬಗೆ

ಭಾನುವಾರ ರಾತ್ರಿ ಅಡುಗೆಮನೆ ಕಟ್ಟೆ ಒರೆಸಿ ಆದಮೇಲೆ ನಾನು ನಾಲ್ಕು ಸಾಲು ಬರೆಯುತ್ತೇನೆ. ಆ ವಾರ ಯಾರಿಂದ ನನಗೆ ಒಳ್ಳೆಯದಾಯಿತು ಅಂತ. "ಆರೋಗ್ಯ ಇದೆ, ಮನೆ ಇದೆ, ಮಕ್ಕಳಿದ್ದಾರೆ" ಎಂದು ಬರೆಯುವುದಿಲ್ಲ. ದೇವರ ಮುಂದೆ ನಿಂತಾಗ ಆ ಮಾತು ಸರಿ. ವಾರ ವಾರವೂ ಅದನ್ನೇ ಬರೆದರೆ ಕೈ ಬರೆಯುತ್ತಿರುತ್ತದೆ, ಮನಸ್ಸು ನಾಳೆಯ ತಿಂಡಿಯ ಯೋಚನೆಯಲ್ಲಿರುತ್ತದೆ.

ಹಾಗಾಗಿ ನನ್ನದೊಂದು ಕಟ್ಟುಪಾಡು ಇದೆ. ಯಾರು, ಏನು ಮಾಡಿದರು, ಯಾಕೆ ಮಾಡಿದರು, ಈ ಮೂರೂ ಇರಬೇಕು. "ಯಾಕೆ" ಸೇರಿಕೊಂಡಿದ್ದು ಅಮೆರಿಕದ ಮನಶ್ಶಾಸ್ತ್ರಜ್ಞ ಮಾರ್ಟಿನ್ ಸೆಲಿಗ್ಮನ್ ಮತ್ತು ಜೊತೆಗಾರರು 2005ರಲ್ಲಿ ಪ್ರಕಟಿಸಿದ ಪ್ರಯೋಗದ ಬಗ್ಗೆ ಓದಿದ ಮೇಲೆ. ಅದರಲ್ಲಿ ಭಾಗವಹಿಸಿದವರು ಒಂದು ವಾರ, ದಿನಾ ರಾತ್ರಿ, ಮೂರು ಒಳ್ಳೆಯ ಸಂಗತಿಗಳನ್ನೂ ಅವು ಯಾಕೆ ನಡೆದವು ಎಂಬುದನ್ನೂ ಬರೆಯಬೇಕಿತ್ತು. ಆರು ತಿಂಗಳಾದರೂ ಅದರ ಫಲ ಕಂಡಿತ್ತಂತೆ. ದಿನಾ ಬರೆಯುವುದು ನನ್ನ ಕೈಲಾಗದ ಕೆಲಸ. ಮನಶ್ಶಾಸ್ತ್ರಜ್ಞರಾದ ರಾಬರ್ಟ್ ಎಮ್ಮನ್ಸ್ ಮತ್ತು ಮೈಕೆಲ್ ಮೆಕಲಫ್ 2003ರಲ್ಲಿ ಪ್ರಕಟಿಸಿದ ಅಧ್ಯಯನವೊಂದರಲ್ಲಿ ವಾರಕ್ಕೊಮ್ಮೆ ಬರೆದವರಿಗೂ ಲಾಭವಾಗಿತ್ತು. ಅಷ್ಟು ಸಾಕು ಅಂದುಕೊಂಡೆ.

ನಮ್ಮವರಿಗೆ ಇದೇನು ಹೊಸದಲ್ಲ. ಮಲೆನಾಡಿನಲ್ಲಿ ಭೂಮಿ ಹುಣ್ಣಿಮೆಗೆ ಗದ್ದೆಗೆ ಬಯಕೆಯ ಅಡುಗೆ ಬಡಿಸುತ್ತಾರೆ. ಸಂಕ್ರಾಂತಿಗೆ ದನಗಳ ಮೈ ತೊಳೆದು ಸಿಂಗರಿಸುತ್ತೇವೆ, ಆಯುಧಪೂಜೆಗೆ ಸ್ಪ್ಯಾನರಿಗೂ ಕುಂಕುಮ. ಹಾಲು ಹಾಕುವ ಹುಡುಗನಿಗೆ ಮಾತ್ರ ಪಂಚಾಂಗದಲ್ಲಿ ಹಬ್ಬ ಇಲ್ಲ, ಅಲ್ವಾ?

ನನ್ನ ಪುಸ್ತಕದಲ್ಲಿ ಅವನಿದ್ದಾನೆ. ಮಳೆ ಬಂದ ದಿನ ಅವನು ಪ್ಯಾಕೆಟ್ಟುಗಳನ್ನು ಗೇಟಿಗೆ ನೇತುಹಾಕದೆ ಮೆಟ್ಟಿಲ ಮೇಲಿಟ್ಟು, ಬೆಕ್ಕು ಬಾಯಿ ಹಾಕದ ಹಾಗೆ ನಮ್ಮದೇ ಬಕೆಟ್ ಬೋರಲು ಹಾಕಿ ಹೋಗುತ್ತಾನೆ. ಬರೆದಿಟ್ಟು ಸುಮ್ಮನಿರದೆ ಒಂದು ದಿನ ಅವನಿಗೇ ಹೇಳಿದೆ. "ಅಯ್ಯೋ ಬಿಡಿ ಅಕ್ಕ, ಹಾಲು ಚೆಲ್ಲಿದ್ರೆ ನೀವು ಬೈಯೋದು ನನಗೇ ತಾನೆ!" ಎಂದು ನಕ್ಕ. ನಾನು ಬರೆದುಕೊಂಡಿದ್ದ "ಯಾಕೆ" ಬೇರೆಯೇ ಇತ್ತು. ಪಕ್ಕದಲ್ಲಿ ಅವನದ್ದನ್ನೂ ಸೇರಿಸಿದೆ.

ಜಾಸ್ತಿ ಪ್ರಯೋಜನ ಆಗಿದ್ದು ಮನೆಯೊಳಗೆ. ಅತ್ತೆ ಒಣಗಿದ ಬಟ್ಟೆ ಮಡಿಸುವಾಗ ಮಗಳ ಯೂನಿಫಾರ್ಮನ್ನು ಎಲ್ಲಕ್ಕಿಂತ ಮೇಲೆ ಇಡುತ್ತಾರೆ, ಬೆಳಿಗ್ಗೆ ನಾನು ಹುಡುಕಾಡಬಾರದು ಅಂತ. ಬರೆಯಲು ಕೂತಾಗಲೇ ಇದು ಹೊಳೆದದ್ದು. ಗ್ಯಾಸ್ ಸಿಮ್‌ನಲ್ಲಿಡುವ ವಿಷಯಕ್ಕೆ ನಮ್ಮಿಬ್ಬರ ಜಟಾಪಟಿ ಈಗಲೂ ಇದೆ. ಆದರೆ ನಡುವೆ ಆ ಯೂನಿಫಾರ್ಮ್ ನೆನಪಾದರೆ ನನ್ನ ದನಿ ತಾನಾಗಿ ತಗ್ಗುತ್ತದೆ. ಅವರು ಅದನ್ನು ಗಮನಿಸಿದ್ದಾರೋ ಇಲ್ಲವೋ, ಕೇಳಿಲ್ಲ.

ಒಂದು ವಿಷಯದಲ್ಲಿ ನಾನು ಹುಷಾರು. ಬಾಕಿ ಸಂಬಳ ಕೇಳಿದವರಿಗೆ "ಇರೋದಕ್ಕೆ ಖುಷಿಪಡಿ" ಅನ್ನುವುದು ಕೃತಜ್ಞತೆಯ ಪಾಠವಲ್ಲ, ಬಾಯಿ ಮುಚ್ಚಿಸುವ ಉಪಾಯ. ಊಟ, ನಿದ್ದೆ ವಾರಗಟ್ಟಲೆ ಕೆಟ್ಟಿದ್ದರೂ ಬರೆದು ಸರಿಮಾಡಲು ಹೋಗಬೇಡಿ, ಡಾಕ್ಟರ ಹತ್ತಿರ ಹೋಗಿ.

ಏನೂ ಹೊಳೆಯದ ಭಾನುವಾರಗಳೂ ಇರುತ್ತವೆ. ಆಗ ತಾರೀಖು ಹಾಕಿ ಖಾಲಿ ಬಿಡುತ್ತೇನೆ. ಸುಮ್ನೆ ಪುಟ ತುಂಬಿಸಲು ಹೋಗುವುದಿಲ್ಲ.